ಕರ್ತೃ ಯಾರು?

ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ ಎಂಬ ಮಾತನ್ನು ಕೇಳಿಕೊಂಡೇ ನಾವೆಲ್ಲ ಬೆಳೆದವರು. ಹಾಗೆ ಹೇಳುತ್ತಿದ್ದವರು ಮನೆಯ ಗಂಡಸರು ಮಾತ್ರವಲ್ಲ. ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲರೂ ಹೇಳುತ್ತಿದ್ದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಗಂಡಸರಿಗೆ. ಹೆಂಗಸರಿಗೆ ಗಾದೆಯೂ ಬೇಕಿರಲಿಲ್ಲ, ಹಿರಿಯರ ಒಂದು ನೋಟ ಸಾಕಿತ್ತು. ಈ ಮಾತಿನೊಳಗೆ ಎರಡು ಅನ್ಯಾಯಗಳು ಅಡಗಿವೆ. ಠಾಣೆಗೆ ಹೋಗಬೇಕಾಗಿ ಬಂದವಳು ಮರ್ಯಾದೆ ಕಳೆದುಕೊಂಡವಳು ಎಂದು ಮೊದಲೇ ತೀರ್ಮಾನವಾಗಿಬಿಡುತ್ತದೆ, ಇದು ಒಂದು. ಠಾಣೆಯೂ ಮರ್ಯಾದೆಯಿಂದ ನಡೆದುಕೊಳ್ಳಬೇಕಾದ ಜಾಗ ಎಂಬ ನಿರೀಕ್ಷೆಯನ್ನೇ ನಾವು ಬಿಟ್ಟುಬಿಡುತ್ತೇವೆ, ಇದು ಎರಡನೆಯದು. ಬ್ಯಾಂಕಿನಲ್ಲಿ ತಡವಾದರೆ ಗೊಣಗುತ್ತೇವೆ, ರೇಷನ್ ಅಂಗಡಿಯಲ್ಲಿ ತೂಕ ಕಡಿಮೆಯಾದರೆ ಜಗಳವಾಡುತ್ತೇವೆ. ಠಾಣೆಗೆ ಮಾತ್ರ ದೂರದಿಂದ ಕೈಮುಗಿಯುತ್ತೇವೆ. ಕೈಮುಗಿದು ನಿಂತ ಕಡೆ ಲೆಕ್ಕ ಕೇಳುವುದು ಹೇಗೆ?

ಪೊಲೀಸರ ವಿಚಾರ ಬರೆಯಲು ನಿಮಗೇನು ಗೊತ್ತು ಎಂದು ಯಾರಾದರೂ ಕೇಳಬಹುದು. ನಾನು ವಕೀಲೆಯಲ್ಲ, ಸಂಘಟನೆಯವಳೂ ಅಲ್ಲ. ಮೂರು ದಶಕಗಳ ಹತ್ತಿರ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು. ನನಗೆ ಗೊತ್ತಿರುವುದು ವ್ಯಾಕರಣ. ಆದರೆ ಠಾಣೆಯ ಕಾಗದಗಳನ್ನೂ ಪತ್ರಿಕೆಯ ಅಪರಾಧ ಸುದ್ದಿಗಳನ್ನೂ ಓದಿದಂತೆಲ್ಲ ಈ ಸಮಸ್ಯೆಯ ಅರ್ಧ ಭಾಗ ವ್ಯಾಕರಣದಲ್ಲೇ ಇದೆ ಎಂದು ನನಗೆ ಅನ್ನಿಸಿದೆ.

ರಾಮನು ರಾವಣನನ್ನು ಕೊಂದನು ಎಂಬುದು ಕರ್ತರಿ ಪ್ರಯೋಗ. ರಾಮನಿಂದ ರಾವಣನು ಕೊಲ್ಲಲ್ಪಟ್ಟನು ಎಂಬುದು ಕರ್ಮಣಿ ಪ್ರಯೋಗ. ಎರಡರಲ್ಲೂ ರಾಮನಿದ್ದಾನೆ. ನಮ್ಮ ಸಾರ್ವಜನಿಕ ಭಾಷೆಯಲ್ಲಿ ಮೂರನೆಯ ಬಗೆಯ ವಾಕ್ಯವೊಂದು ಬಳಕೆಯಲ್ಲಿದೆ: ರಾವಣನು ಮೃತಪಟ್ಟನು. ಇಲ್ಲಿ ರಾಮನೂ ಇಲ್ಲ, ಬಾಣವೂ ಇಲ್ಲ. ಪತ್ರಿಕೆ ತೆರೆದು ನೋಡಿ. 'ಲಾಠಿ ಪ್ರಹಾರ ನಡೆಯಿತು.' 'ಗೋಲಿಬಾರ್ ಆಯಿತು.' 'ವಿಚಾರಣೆ ವೇಳೆ ಆರೋಪಿಗೆ ಎದೆನೋವು ಕಾಣಿಸಿಕೊಂಡು ಅಸುನೀಗಿದ.' ಲಾಠಿ ತಾನಾಗಿಯೇ ಎದ್ದು ಹೊಡೆಯುವುದಿಲ್ಲ. ಹಿಡಿದ ಕೈಯೊಂದು ಇರಲೇಬೇಕು. ಆ ಕೈ ಯಾರದು ಎಂದು ವಾಕ್ಯ ಹೇಳದಿದ್ದರೆ ಮುಂದೆ ಯಾವ ವಿಚಾರಣೆಯೂ ಹೇಳುವುದಿಲ್ಲ. ಪೊಲೀಸ್ ಸುಧಾರಣೆ ಎಂದರೆ ದೊಡ್ಡ ದೊಡ್ಡ ಮಾತು ಬೇಕಾಗಿಲ್ಲ. ಪ್ರತಿ ವಾಕ್ಯಕ್ಕೂ ಒಬ್ಬ ಕರ್ತೃ ಇರಬೇಕು ಎಂದು ಹಟ ಹಿಡಿದರೆ ಅಲ್ಲಿಂದಲೇ ಸುಧಾರಣೆ ಶುರುವಾಗುತ್ತದೆ.

ಕಂಡದ್ದೊಂದನ್ನು ಹೇಳುತ್ತೇನೆ. 2024ರ ದೀಪಾವಳಿ ಕಳೆದ ಹೊಸತು. ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವಾಕೆಯನ್ನು ಮಕ್ಕಳಿಂದ ಹಿಡಿದು ಹೆಡ್‌ಮಾಸ್ಟರವರೆಗೆ ಎಲ್ಲರೂ ಅಕ್ಕ ಎಂದೇ ಕರೆಯುವುದು. ಬೆಳಿಗ್ಗೆ ಶಾಲೆಗೆ ನಡೆದು ಬರುತ್ತಿದ್ದಾಗ ಹಿಂದಿನಿಂದ ಬೈಕಿನಲ್ಲಿ ಬಂದ ಇಬ್ಬರು ಆಕೆಯ 12 ಗ್ರಾಮಿನ ಮಾಂಗಲ್ಯದ ಸರ ಕಿತ್ತುಕೊಂಡು ಹೋದರು. ಕುತ್ತಿಗೆಯ ಸುತ್ತ ಕೆಂಪಗೆ ಬರೆ ಎದ್ದಿತ್ತು. ಅಕ್ಕ ಅನ್ನಕ್ಕೆ ಎಸರಿಟ್ಟು, ಜೊತೆಯವಳಿಗೆ ಒಪ್ಪಿಸಿ, ಒಬ್ಬಳೇ ಠಾಣೆಗೆ ಹೋದಳು. ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಬಾ ಎಂದರು. ಮರುದಿನ ಹೋದರೆ ಸರದ ಬಿಲ್ಲು ತಾ ಎಂದರು. ಮದುವೆಯಲ್ಲಿ ತವರಿನವರು ಹಾಕಿದ ಸರಕ್ಕೆ ಆಕೆ ಬಿಲ್ಲು ಎಲ್ಲಿಂದ ತರಬೇಕು? ಮೂರನೆಯ ದಿನ ನಾನೂ ಜೊತೆಗೆ ಹೋದೆ.

ಅಲ್ಲಿ ರೈಟರ್ ಆಗಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಎದ್ದು ನಿಂತು ನಮಸ್ಕಾರ ಮಾಡಿದ, "ಮೇಡಂಗೆ ಕುರ್ಚಿ ಹಾಕ್ರೋ" ಎಂದ. ಸರ ಕಳೆದುಕೊಂಡವಳು ನಿಂತೇ ಇದ್ದಳು. "ಅಕ್ಕನಿಗೂ ಒಂದು ಕುರ್ಚಿ ಹಾಕಪ್ಪಾ" ಎಂದ ಮೇಲೆ ಬೆಂಚಿನ ತುದಿ ಸಿಕ್ಕಿತು. ಅವನು ಆಗಲೇ ಬರೆದಿಟ್ಟಿದ್ದ ಹಾಳೆಯನ್ನು ಓದಿದ. ಅದರಲ್ಲಿ, ಪಿರ್ಯಾದುದಾರರು ಕೆಲಸಕ್ಕೆ ಹೋಗುವಾಗ್ಗೆ ಸದರಿಯವರ ಕೊರಳಿನಲ್ಲಿದ್ದ ಚಿನ್ನದ ಸರವು ಎಲ್ಲಿಯೋ ಬಿದ್ದು ಕಳೆದುಹೋಗಿರುತ್ತದೆ ಎಂದಿತ್ತು.

"ಬಿದ್ದಿಲ್ಲ ಸ್ವಾಮಿ, ಕಿತ್ಕೊಂಡ್ರು" ಎಂದಳು ಅಕ್ಕ.

"ಎರಡೂ ಒಂದೇ ಕಣಮ್ಮಾ. ಸರ ಸಿಕ್ಕಿದ್ರೆ ನಿನಗೇ ತಾನೆ ಕೊಡೋದು?"

ಎರಡೂ ಒಂದೇ ಅಲ್ಲ. ಕಿತ್ತುಕೊಂಡರು ಎಂದರೆ ಇಬ್ಬರು ಮನುಷ್ಯರಿದ್ದಾರೆ, ಒಂದು ಬೈಕಿದೆ, ಒಂದು ರಸ್ತೆಯಿದೆ, ಅವರನ್ನು ಹುಡುಕಬೇಕು. ಕಳೆದುಹೋಗಿರುತ್ತದೆ ಎಂದರೆ ಅಲ್ಲಿ ಉಳಿಯುವುದು ಅಜಾಗರೂಕ ಹೆಂಗಸೊಬ್ಬಳು ಮಾತ್ರ. ಒಂದು ಕ್ರಿಯಾಪದ ಬದಲಾದದ್ದರಿಂದ ಕಳ್ಳರು ಮಾಯವಾದರು, ತಪ್ಪು ಅಕ್ಕನ ತಲೆಗೆ ಬಂತು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಒಂದೂವರೆ ಗಂಟೆಯ ಮೇಲೆ ವಾಕ್ಯ ಬದಲಾಯಿತು, ಮರುದಿನ ಎಫ್‌ಐಆರ್ ಪ್ರತಿ ಕೈಗೆ ಬಂತು. ಸರ ಇನ್ನೂ ಬಂದಿಲ್ಲ, ಅದು ಬೇರೆ ಮಾತು.

ಇದನ್ನು ನನ್ನ ಸಾಹಸವೆಂದು ಹೇಳುತ್ತಿಲ್ಲ. ನನಗೆ ಕುರ್ಚಿ ಸಿಕ್ಕಿದ್ದು ರೈಟರ್ ನನ್ನ ಶಿಷ್ಯನಾಗಿದ್ದ ಕಾರಣಕ್ಕೆ. ಶಿಷ್ಯನಿಲ್ಲದ ಠಾಣೆಯಲ್ಲಿ ಏನಾಗುತ್ತಿತ್ತು? ಟೀಚರಮ್ಮ ಜೊತೆಗಿಲ್ಲದ ಹೂ ಮಾರುವವಳ ಗತಿಯೇನು? ಗುರುತಿನವರಿದ್ದರೆ ಸಿಗುವುದು ದಾಕ್ಷಿಣ್ಯ. ದಾಕ್ಷಿಣ್ಯದಿಂದ ಸಿಕ್ಕಿದ್ದು ಹಕ್ಕಾಗುವುದಿಲ್ಲ, ನಾಳೆ ಆ ಹುಡುಗನಿಗೆ ವರ್ಗವಾದರೆ ಅದೂ ಅವನ ಜೊತೆಗೇ ಹೋಗುತ್ತದೆ.

ಹೊರಗೆ ಗೇಟಿನ ತನಕ ಬಂದ ಅವನು ಸಂಕೋಚದಿಂದ ಹೇಳಿದ: "ಮೇಡಂ, ತಿಂಗಳಿಗೊಂದು ಕ್ರೈಂ ಮೀಟಿಂಗ್ ಇರುತ್ತೆ. ಸರಗಳ್ಳತನ ಎರಡು ಜಾಸ್ತಿ ಆದ್ರೆ ನಮ್ಮ ಸಾಹೇಬರನ್ನ ಎಲ್ಲರ ಮುಂದೆ ನಿಲ್ಲಿಸಿ ಬೈತಾರೆ. ಕಳೆದುಹೋಗಿದೆ ಅಂದ್ರೆ ಯಾರೂ ಕೇಳಲ್ಲ." ಆ ಮಾತು ನನಗೆ ಹೊಸದೆನ್ನಿಸಲಿಲ್ಲ. ಶಾಲೆಗಳಲ್ಲೂ ಇದೇ ನಡೆಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಬೇಕು ಎಂದು ಮೇಲಿನಿಂದ ಒತ್ತಡ ಬಂದರೆ ಕೆಲವು ಶಾಲೆಗಳವರು ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ಕಲಿಸುವುದನ್ನು ಬಿಟ್ಟು, ಆ ಮಗು ಪರೀಕ್ಷೆಗೇ ಕೂರದಂತೆ ಉಪಾಯ ಮಾಡುತ್ತಾರೆ. ಅಂಕಿ ಚೆನ್ನಾಗಿ ಕಾಣುತ್ತದೆ, ಮಗು ಹೊರಗೆ ಉಳಿಯುತ್ತದೆ. ಠಾಣೆಯಲ್ಲಿ ಅಪರಾಧದ ಅಂಕಿ ಚೆನ್ನಾಗಿ ಕಾಣುತ್ತದೆ, ಅಕ್ಕನಂಥವರು ಹೊರಗೆ ಉಳಿಯುತ್ತಾರೆ. ಆದ್ದರಿಂದ ನಾನು ಆ ಹುಡುಗನೊಬ್ಬನನ್ನೇ ದೂರಲಾರೆ. ದಾಖಲಾದ ದೂರುಗಳ ಸಂಖ್ಯೆ ನೋಡಿ ಠಾಣಾಧಿಕಾರಿಯನ್ನು ಬೈಯುವ ಪದ್ಧತಿ ಹೋಗದೆ ದೂರು ದಾಖಲಾಗುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸುಮ್ಮನೆ ಕೂತಿಲ್ಲ ಎಂಬುದನ್ನು ನಾವು ತಿಳಿದಿರಬೇಕು. 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಪೊಲೀಸರೇ ನೇರವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಹೇಳಿತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 173ನೆಯ ಕಲಮಿನ ಪ್ರಕಾರ ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಬಾಯಲ್ಲಿ ಹೇಳಿದರೆ ಅವರೇ ಬರೆದುಕೊಂಡು ನಮಗೆ ಓದಿ ಹೇಳಬೇಕು. ಪ್ರತಿಯನ್ನು ಕಾಸು ಕೇಳದೆ ಕೊಡಬೇಕು. ಠಾಣೆಯವರು ಒಲ್ಲೆ ಎಂದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆದು ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಅದೇ ದಿನದಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಳ್ಳುವುದನ್ನೇ ಪ್ರತ್ಯೇಕ ಅಪರಾಧವೆಂದು 304ನೆಯ ಕಲಮಿನಲ್ಲಿ ಹೆಸರಿಸಿದ್ದಾರೆ, 3 ವರ್ಷದವರೆಗೆ ಶಿಕ್ಷೆ. ಅಕ್ಕನ ಬಾಯಿಂದ ಬಂದ ಕ್ರಿಯಾಪದವೇ ಕಾನೂನಿನ ಪುಸ್ತಕದಲ್ಲೂ ಇದೆ. ಠಾಣೆಯ ಹಾಳೆಯಲ್ಲಿ ಮಾತ್ರ ಇರಲಿಲ್ಲ.

ಹೊಸ ಕಾನೂನಿನಲ್ಲಿ ನನಗೆ ಹಿಡಿಸದ ಮಾತೂ ಒಂದಿದೆ. 3 ವರ್ಷದಿಂದ ಮೇಲೆ, 7 ವರ್ಷಕ್ಕಿಂತ ಕಡಿಮೆ ಶಿಕ್ಷೆ ಇರುವ ಅಪರಾಧಗಳಲ್ಲಿ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಲು ಅದು ಅವಕಾಶ ಕೊಟ್ಟಿದೆ. ಒಳ್ಳೆಯ ಅಧಿಕಾರಿಯ ಕೈಯಲ್ಲಿ ಇದು ಸುಳ್ಳು ದೂರಿಗೆ ತಡೆಯಾಗಬಹುದು. ನಾಳೆ ಬಾ ಎನ್ನುವ ಅಭ್ಯಾಸ ಇರುವ ಕಡೆ ಇದು ಹದಿನಾಲ್ಕು ಸಲ ನಾಳೆ ಬಾ ಎನ್ನುವ ಪರವಾನಗಿಯಾಗಬಹುದು.

ಗಂಡನಿಂದ ಹೊಡೆತ ತಿಂದು ಬರುವ ಹೆಂಗಸಿನ ಪಾಡು ಇದಕ್ಕಿಂತ ಕಷ್ಟ. ಆಕೆಗೆ ಠಾಣೆಯಲ್ಲಿ ಸಿಗುವುದು ಬುದ್ಧಿವಾದ. ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಮ್ಮಾ ಎನ್ನುತ್ತಾರೆ, ಗಂಡನನ್ನು ಕರೆಸಿ ನಾಲ್ಕು ಬೈದು, ಇಬ್ಬರ ಕೈಯಲ್ಲೂ ಮುಚ್ಚಳಿಕೆ ಬರೆಸಿ ಕಳಿಸುತ್ತಾರೆ. ಆ ರಾಜಿ ಪತ್ರದಲ್ಲಿ 'ಸಂಸಾರದಲ್ಲಿ ಮನಸ್ತಾಪ ಉಂಟಾಗಿರುತ್ತದೆ' ಎಂದು ಬರೆದಿರುತ್ತದೆ. ಮತ್ತೆ ಅದೇ ವ್ಯಾಕರಣ. ಮನಸ್ತಾಪ ಉಂಟಾಗಿರುತ್ತದೆಯೇ ಹೊರತು ಯಾರೂ ಯಾರಿಗೂ ಹೊಡೆದಿರುವುದಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 5ನೆಯ ಕಲಮು, ಇಂಥ ದೂರು ಬಂದಾಗ ರಕ್ಷಣಾಧಿಕಾರಿ ಇದ್ದಾರೆ, ಉಚಿತ ಕಾನೂನು ನೆರವು ಇದೆ, ಕ್ರಿಮಿನಲ್ ದೂರು ಕೊಡುವ ಹಕ್ಕೂ ಇದೆ ಎಂದು ಆಕೆಗೆ ತಿಳಿಸುವುದು ಪೊಲೀಸರ ಕರ್ತವ್ಯ ಎನ್ನುತ್ತದೆ. ನಮ್ಮ ರಾಜ್ಯದಲ್ಲಿ ಆ ರಕ್ಷಣಾಧಿಕಾರಿ ಬೇರೆ ಯಾರೂ ಅಲ್ಲ, ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ. ಅವರ ಕಚೇರಿ ನಮಗೆಲ್ಲ ಗೊತ್ತು, ಈ ಕೆಲಸವೂ ಅವರದೇ ಎಂಬುದು ಎಷ್ಟು ಜನಕ್ಕೆ ಗೊತ್ತು? ಹೊಂದಿಕೊಂಡು ಹೋಗಬೇಕೋ ಬೇಡವೋ ಎಂಬುದನ್ನು ಆಕೆ ತೀರ್ಮಾನಿಸಲಿ. ಹೊಡೆದದ್ದನ್ನು ಬರೆದುಕೊಳ್ಳುವುದು ಠಾಣೆಯ ಕೆಲಸ.

ಕರ್ತೃವಿಲ್ಲದ ವಾಕ್ಯ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮ ದೇಶದ ಹೆಂಗಸರು ಮರೆಯಬಾರದ ಪ್ರಕರಣವೊಂದಿದೆ. 1972ರ ಮಾರ್ಚಿನಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಇಬ್ಬರು ಪೊಲೀಸರಿಂದ ಅತ್ಯಾಚಾರವಾದ ಆರೋಪ ಬಂತು. ಕಾನೂನಿನ ವಿದ್ಯಾರ್ಥಿಗಳು ಆ ಪ್ರಕರಣವನ್ನು ಆಕೆಯ ಹೆಸರಿನಿಂದಲೇ ಓದುತ್ತಾರೆ. ನಾನು ಆ ಹೆಸರು ಬರೆಯುವುದಿಲ್ಲ. ನಾಗಪುರದ ಹೈಕೋರ್ಟ್ ಪೀಠ ಅವರನ್ನು ತಪ್ಪಿತಸ್ಥರೆಂದಿತು. 1978ರಲ್ಲಿ ಸುಪ್ರೀಂ ಕೋರ್ಟು, ಮೈಮೇಲೆ ಗಾಯದ ಗುರುತಿಲ್ಲ, ಪ್ರತಿರೋಧ ಕಾಣುವುದಿಲ್ಲ ಎಂದು ಅವರನ್ನು ಬಿಡುಗಡೆ ಮಾಡಿತು. ಮರುವರ್ಷ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಮ್ವಾರ್ ಮತ್ತು ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ರಾತ್ರಿ ಠಾಣೆಯೊಳಗೆ ನಿಂತ ಬಡ ಹುಡುಗಿಯ ಮೌನವನ್ನು ಒಪ್ಪಿಗೆ ಎನ್ನಬಹುದೇ ಎಂಬುದು ಅವರ ಪ್ರಶ್ನೆ. ಊರೂರಿನ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು. ಕಸ್ಟಡಿಯಲ್ಲಿ ಹೀಗಾದಾಗ, ನಾನು ಒಪ್ಪಿರಲಿಲ್ಲ ಎಂದು ಹೆಣ್ಣು ಹೇಳಿದರೆ ಕೋರ್ಟು ಅದನ್ನೇ ನಂಬಿ ಮುಂದುವರಿಯಬೇಕು ಎಂದಾಯಿತು. ನಾಲ್ವರು ಮೇಷ್ಟ್ರುಗಳು ಒಂದು ತೀರ್ಪನ್ನು ಗಮನವಿಟ್ಟು ಓದಿದ್ದರಿಂದ ಆದ ಕೆಲಸ ಇದು. ಅಧ್ಯಾಪಕಿಯಾಗಿ ನನಗೆ ಅದರಿಂದ ಧೈರ್ಯ ಬರುತ್ತದೆ.

ನಮ್ಮದೇ ರಾಜ್ಯದ ಸಂಗತಿಯೂ ಇದೆ. ವೀರಪ್ಪನ್‌ನನ್ನು ಹಿಡಿಯುವ ಕಾರ್ಯಾಚರಣೆಯ ಕಾಲದಲ್ಲಿ ಕರ್ನಾಟಕ, ತಮಿಳುನಾಡುಗಳ ಗಡಿಯ ಹಳ್ಳಿಗಳಲ್ಲಿ ಪೊಲೀಸರು ಚಿತ್ರಹಿಂಸೆ ಕೊಟ್ಟರೆಂಬ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರಕ್ಕೆ ಆಯೋಗ ಶಿಫಾರಸು ಮಾಡಿತು. ಪರಿಹಾರ ಪಡೆಯಬೇಕಾದವರಲ್ಲಿ ಹೆಂಗಸರೂ ಇದ್ದರು. ಹೊಡೆಸಿಕೊಂಡವರ ಪಟ್ಟಿ ಹೀಗೆ ತಯಾರಾಯಿತು. ಹೊಡೆದವರ ಹೆಸರಿನಿಂದ ಆರಂಭವಾಗುವ ಒಂದು ವಾಕ್ಯಕ್ಕಾಗಿ ನಾನು ಆಗ ಪತ್ರಿಕೆಗಳನ್ನು ನೋಡುತ್ತಿದ್ದೆ. ನನ್ನ ಕಣ್ಣಿಗೆ ಅದು ಬೀಳಲಿಲ್ಲ.

ಕರ್ತೃವನ್ನು ಗುರುತಿಸುವ ಉಪಾಯ ಕಷ್ಟದ್ದೇನಲ್ಲ. 1996ರ ಡಿಸೆಂಬರಿನಲ್ಲಿ ಡಿ. ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಂಧನದ ಬಗ್ಗೆ ಹನ್ನೊಂದು ನಿಯಮ ಹಾಕಿತು. ಮೊದಲನೆಯದೇ ಹೆಸರಿನ ಫಲಕ. ಬಂಧಿಸುವ, ವಿಚಾರಣೆ ಮಾಡುವ ಪೊಲೀಸರ ಎದೆಯ ಮೇಲೆ ಹೆಸರು, ಹುದ್ದೆ ಸ್ಪಷ್ಟವಾಗಿ ಕಾಣಬೇಕು. ಬಂಧನದ ಮೆಮೊ ಬರೆದು, ಮನೆಯವರೋ ಊರಿನ ಗೌರವಸ್ಥರೋ ಒಬ್ಬರು ಸಾಕ್ಷಿ ಹಾಕಬೇಕು. 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. 2020ರ ಡಿಸೆಂಬರ್ 2ರಂದು ಅದೇ ಕೋರ್ಟು ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ಲಾಕಪ್ಪು, ಮೊಗಸಾಲೆ, ಬಾಗಿಲು ಎಲ್ಲ ಕಾಣಬೇಕು, ಚಿತ್ರವನ್ನು 18 ತಿಂಗಳು ಇಡಬೇಕು ಎಂದಿತು. 2025ರ ಸೆಪ್ಟೆಂಬರಿನಲ್ಲಿ ಠಾಣೆಗಳಲ್ಲಿ ಕ್ಯಾಮೆರಾಗಳು ಕೆಲಸ ಮಾಡುತ್ತಿಲ್ಲ ಎಂಬ ಪತ್ರಿಕಾ ವರದಿ ನೋಡಿ ಕೋರ್ಟು ತಾನಾಗಿಯೇ ಮತ್ತೆ ವಿಚಾರಣೆ ಕೈಗೆತ್ತಿಕೊಳ್ಳಬೇಕಾಯಿತು. ಹೇಳಿದ ಪಾಠವನ್ನೇ ವರ್ಷ ವರ್ಷವೂ ಹೇಳುವ ಕಷ್ಟ ಮೇಷ್ಟ್ರುಗಳಿಗೆ ಮಾತ್ರವಲ್ಲ, ಸುಪ್ರೀಂ ಕೋರ್ಟಿಗೂ ಇದೆ.

ಇದೆಲ್ಲದರ ಬೇರು ಹಳೆಯದು. 1857ರ ದಂಗೆಯ ಬೆನ್ನಿಗೆ, 1861ರಲ್ಲಿ ಬ್ರಿಟಿಷರು ಪೊಲೀಸ್ ಕಾಯಿದೆ ಮಾಡಿದ್ದು ಜನರು ಮತ್ತೆ ತಲೆ ಎತ್ತದಂತೆ ನೋಡಿಕೊಳ್ಳಲು. ಆ ಪೊಲೀಸರು ಉತ್ತರ ಹೇಳಬೇಕಾದದ್ದು ಮೇಲಿನವರಿಗೆ, ಕೆಳಗಿನವರಿಗಲ್ಲ. ಕರ್ನಾಟಕಕ್ಕೆ 1963ರಲ್ಲಿ ತನ್ನದೇ ಕಾಯಿದೆ ಬಂದರೂ ಮೇಲಕ್ಕೆ ನೋಡುವ ರೂಢಿ ಹೋಗಲಿಲ್ಲ. ತುರ್ತು ಪರಿಸ್ಥಿತಿಯ ನಂತರ 1977ರಲ್ಲಿ, ಒಂದು ಕಾಲಕ್ಕೆ ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದ ಧರ್ಮವೀರ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ನೇಮಕವಾಗಿ, 1981ರ ಹೊತ್ತಿಗೆ ಎಂಟು ವರದಿ ಕೊಟ್ಟಿತು. ವರದಿಗಳು ಕಪಾಟಿನಲ್ಲಿ ಉಳಿದವು. ಕೊನೆಗೆ ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ ಅವರೇ 1996ರಲ್ಲಿ ಕೋರ್ಟಿಗೆ ಹೋದರು. ಹತ್ತು ವರ್ಷದ ಮೇಲೆ, 2006ರ ಸೆಪ್ಟೆಂಬರ್ 22ರಂದು ಏಳು ನಿರ್ದೇಶನಗಳು ಬಂದವು. ಠಾಣಾಧಿಕಾರಿಗೆ ಕನಿಷ್ಠ 2 ವರ್ಷದ ಅವಧಿ ಕೊಡಿ, ತನಿಖೆಯನ್ನೂ ಬಂದೋಬಸ್ತನ್ನೂ ಬೇರೆ ಮಾಡಿ, ಪೊಲೀಸರ ಮೇಲೆ ದೂರು ಕೇಳಲು ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ ಮಾಡಿ ಎಂಬುವು ಅವುಗಳಲ್ಲಿ ನಮ್ಮಂಥವರಿಗೆ ಮುಖ್ಯವಾದವು. ದೆಹಲಿಯ ಘಟನೆಯ ನಂತರ 2013ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ವರ್ಮಾ ಸಮಿತಿಯೂ ಹೆಣ್ಣುಮಕ್ಕಳ ಸುರಕ್ಷತೆಗೆ ಇವು ಜಾರಿಯಾಗಲೇಬೇಕು ಎಂದಿತು.

ಕರ್ನಾಟಕ 2012ರಲ್ಲಿ ಕಾಯಿದೆ ತಿದ್ದಿ ಪೊಲೀಸ್ ದೂರು ಪ್ರಾಧಿಕಾರಕ್ಕೆ ಜಾಗ ಮಾಡಿತು. ಆದರೆ ಅದರ ವಿಳಾಸ ಎಲ್ಲಿ ಬರೆದಿದೆ? ಲಂಚ ಕೇಳಿದರೆ ಲೋಕಾಯುಕ್ತಕ್ಕೆ ತಿಳಿಸಿ ಎಂಬ ಬೋರ್ಡು ಕಚೇರಿಗಳಲ್ಲಿ ಕಾಣುತ್ತದೆ. ಈ ಠಾಣೆಯವರು ದೂರು ತೆಗೆದುಕೊಳ್ಳದಿದ್ದರೆ, ಕೆಟ್ಟ ಮಾತು ಆಡಿದರೆ, ಕೈ ಮಾಡಿದರೆ ಇಂಥ ವಿಳಾಸಕ್ಕೆ ಬರೆಯಿರಿ ಎಂಬ ಬೋರ್ಡನ್ನು ನಾನು ಹೋದ ಯಾವ ಠಾಣೆಯಲ್ಲೂ ಕಂಡಿಲ್ಲ. ಯಾರಿಗೂ ಕಾಣದ ಬಾಗಿಲು ತೆರೆದಿದ್ದರೇನು, ಮುಚ್ಚಿದ್ದರೇನು?

ಪೊಲೀಸರ ಕಷ್ಟ ಹೇಳದೆ ಈ ಮಾತು ಮುಗಿಸಿದರೆ ತಪ್ಪಾಗುತ್ತದೆ. ಅವರೂ ನಮ್ಮ ಮನೆಯ ಮಕ್ಕಳೇ. ಹಬ್ಬದ ದಿನ ಮನೆಯಲ್ಲಿ ಊಟ ಮಾಡಲಾಗದವರು, ಜಾತ್ರೆಯ ಬಿಸಿಲಿನಲ್ಲಿ ನಿಂತವರು. ರಾತ್ರಿ ಪಾಳಿ ಮುಗಿಸಿ ಬಂದ ಹೆಣ್ಣುಮಗಳು ಮತ್ತೆ ಬೆಳಿಗ್ಗೆ ಬಂದೋಬಸ್ತಿಗೆ ಹೊರಡುವುದನ್ನು ನಾನು ಕಂಡಿದ್ದೇನೆ. 2016ರ ಜೂನ್ 4ರಂದು ನಮ್ಮ ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕುವ ಮಾತಾಡಿದ್ದು ಸಂಬಳಕ್ಕೆ ಮಾತ್ರವಲ್ಲ, ರಜೆಯಿಲ್ಲದ ದುಡಿಮೆಗೆ, ಮೇಲಿನವರ ಕಿರುಕುಳಕ್ಕೆ. ಮೇಲಿನವರು ತನ್ನನ್ನು ಏನೋ, ಬಾರೋ ಎಂದರೆ ಅವನು ಕೆಳಗಿನವಳನ್ನು ಏನೇ, ಬಾರೇ ಎನ್ನುತ್ತಾನೆ. ಅವನ ಮೇಲಿನ ದೌರ್ಜನ್ಯ ಯಾರು ಮಾಡಿದರು ಎಂಬ ವಾಕ್ಯಕ್ಕೂ ಕರ್ತೃ ಬೇಕು. ಉತ್ತರದಾಯಿತ್ವ ಕೇಳುವುದು ಪೊಲೀಸರ ಮೇಲಿನ ದ್ವೇಷವಲ್ಲ. ನೆಟ್ಟಗೆ ಕೆಲಸ ಮಾಡುವ ಕಾನ್‌ಸ್ಟೆಬಲ್ಲಿಗೆ, ಹಾಗೆ ಬರೆಯಲಾರೆ ಸಾರ್, ಕಾನೂನು ಒಪ್ಪುವುದಿಲ್ಲ ಎನ್ನುವ ಬಲವೂ ಅದರಿಂದಲೇ ಬರಬೇಕು.

ನಮ್ಮಂಥ ಊರುಗಳಲ್ಲಿ ನಾವು ಮಾಡಬಹುದಾದದ್ದು ಬಹಳವಿದೆ. ಸ್ತ್ರೀಶಕ್ತಿ ಸಂಘದವರು, ಶಾಲೆಯ ಟೀಚರುಗಳು, ಮಹಿಳಾ ಸಮಾಜದವರು ಏನೂ ತೊಂದರೆಯಿಲ್ಲದ ಒಂದು ಸಾಮಾನ್ಯ ದಿನ ಜೊತೆಯಾಗಿ ಠಾಣೆಗೆ ಹೋಗಿ ಬನ್ನಿ. ದೂರು ಕೊಟ್ಟವರಿಗೆ ತಾರೀಖು, ನಂಬರು, ಪಡೆದವರ ಹೆಸರು ಇರುವ ರಸೀದಿ ಕೊಡುತ್ತೀರಾ ಎಂದು ಕೇಳಿ. ದೂರು ಪ್ರಾಧಿಕಾರದ ವಿಳಾಸವನ್ನು ಗೇಟಿನ ಹೊರಗೆ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ ಎಂದು ಅರ್ಜಿ ಕೊಡಿ. ಒಂದು ಪ್ರತಿ ಶಾಸಕರಿಗೆ, ಒಂದು ಎಸ್‌ಪಿಯವರಿಗೆ. ತನಿಖೆಗೆಂದು ಹೆಂಗಸರನ್ನು ಠಾಣೆಗೆ ಕರೆಸುವಂತಿಲ್ಲ, ಮನೆಗೇ ಬಂದು ಕೇಳಬೇಕು ಎಂಬ 179ನೆಯ ಕಲಮನ್ನು ಹುಡುಗಿಯರಿಗೆ ಹೇಳಿಕೊಡಿ. ಠಾಣೆಯ ಮೆಟ್ಟಿಲು ಹತ್ತಿದ ನೆರೆಮನೆಯವಳ ಬಗ್ಗೆ ಪಿಸುಗುಟ್ಟುವುದನ್ನು ನಿಲ್ಲಿಸಿ; ಆಕೆಯ ಜೊತೆ ಹೋಗಿ.

ಯಾವತ್ತಾದರೂ ದೂರು ಕೊಡಬೇಕಾಗಿ ಬಂದರೆ, ಬರೆದದ್ದನ್ನು ಪೂರ್ತಿ ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಓದುವಾಗ ಪ್ರತಿ ವಾಕ್ಯದಲ್ಲೂ ಮಾಡಿದವರು ಯಾರು ಎಂದು ಹುಡುಕಿ. ಕಾಣದಿದ್ದರೆ, ಇನ್ನೊಮ್ಮೆ ಬರೆಯಿರಿ ಸಾರ್ ಎಂದು ಮೆಲ್ಲಗೆ ಹೇಳಿ ಕಾದು ಕುಳಿತುಕೊಳ್ಳಿ.